ಗುಪ್ತರಕ್ತ ಪರೀಕ್ಷೆಯೂ ಅದರ ಮುಂದಿನ ತಪಾಸಣೆಯೂ: ಒಂದು ಚಾರಿತ್ರಿಕ ವಿವೇಚನೆ

ವೈದ್ಯಶಾಸ್ತ್ರದ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಆವಿಷ್ಕಾರಗಳ ಚರಿತ್ರೆಯನ್ನೇ ಬರೆಯುತ್ತಾರೆ. ಯಾವ ವರ್ಷದಲ್ಲಿ ಯಾವ ಪಂಡಿತನು ಯಾವ ದ್ರವ್ಯದ ಗುಣವನ್ನು ಕಂಡುಕೊಂಡನು, ಯಾವ ಉಪಕರಣವು ಯಾವ ಆಸ್ಪತ್ರೆಯಲ್ಲಿ ಮೊದಲು ಬಳಕೆಗೆ ಬಂದಿತು ಎಂಬ ವಿವರಗಳಿಗೆ ನಮ್ಮ ಗ್ರಂಥಗಳಲ್ಲಿ ಕೊರತೆಯಿಲ್ಲ. ಆದರೆ ಒಂದು ಆವಿಷ್ಕಾರದ ಬಾಗಿಲಿನಿಂದ ಮತ್ತೊಂದು ಆವಿಷ್ಕಾರದ ಬಾಗಿಲಿಗೆ ರೋಗಿಯು ಹೇಗೆ ನಡೆದು ಹೋದನು, ಹೋಗಲು ಎಷ್ಟು ದಿನ ಹಿಡಿಯಿತು, ನಡುವೆಯೇ ನಿಂತವರ ಗತಿ ಏನಾಯಿತು ಎಂಬುದನ್ನು ವಿಚಾರಿಸಿದವರು ಕಡಮೆ. ದೊಡ್ಡ ಕರುಳಿನ ಕ್ಯಾನ್ಸರನ್ನು ಮೊದಲೇ ಪತ್ತೆಹಚ್ಚುವ ಪ್ರಯತ್ನದ ಚರಿತ್ರೆಯಲ್ಲಿ ಈ ಉಪೇಕ್ಷೆ ವಿಶೇಷವಾಗಿ ಎದ್ದುಕಾಣುತ್ತದೆ. ಮಲದಲ್ಲಿ ಕಣ್ಣಿಗೆ ಕಾಣದಂತೆ ಬೆರೆತಿರುವ ರಕ್ತವನ್ನು ಗುರುತಿಸುವ ಪರೀಕ್ಷೆಗೆ ನೂರು ವರ್ಷಗಳಿಗೂ ಮಿಕ್ಕ ಚರಿತ್ರೆಯಿದೆ. ಆ ಪರೀಕ್ಷೆಯ ಫಲಿತವು ಅಸಹಜವೆಂದು ಬಂದ ಮೇಲೆ ಕರುಳಿನ ಒಳಭಾಗವನ್ನು ಕಣ್ಣಾರೆ ನೋಡುವ ತಪಾಸಣೆ ಎಷ್ಟು ಬೇಗ ನಡೆಯಬೇಕು ಎಂಬ ಪ್ರಶ್ನೆಗಾದರೋ, ಅಂಕಿಅಂಶಗಳ ಆಧಾರವುಳ್ಳ ಉತ್ತರ ದೊರೆತದ್ದು ತೀರ ಇತ್ತೀಚೆಗೆ. ಈ ಎರಡರ ನಡುವಣ ಅಂತರವೇ ಪ್ರಸ್ತುತ ಲೇಖನದ ವಿಷಯ.

ಪರೀಕ್ಷೆಯ ಮೂಲವು ಒಂದು ಮರದ ರಾಳದಲ್ಲಿದೆ. ಕೆರೀಬಿಯನ್ ದ್ವೀಪಗಳಲ್ಲಿ ಬೆಳೆಯುವ ಗ್ವಾಯಕಂ ಎಂಬ ಬಹು ಗಟ್ಟಿಯಾದ ಮರದ ದಿಮ್ಮಿಯನ್ನು ಹದಿನಾರನೆಯ ಶತಮಾನದಲ್ಲಿ ಸ್ಪೇನಿನ ಹಡಗುಗಳು ಯೂರೋಪಿಗೆ ತಂದುವು. ಆಗ ಅದು ಮೇಹರೋಗಕ್ಕೆ ಔಷಧವೆಂದು ಹೆಸರುಗಳಿಸಿತ್ತು. ಆ ಕೀರ್ತಿ ಬಹುಕಾಲ ಉಳಿಯಲಿಲ್ಲ. ಆದರೆ ರಾಳಕ್ಕೆ ಇನ್ನೊಂದು ಗುಣವಿತ್ತು. ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವ ಒಂದು ದ್ರವವು ಜೊತೆಗಿದ್ದಾಗ, ರಕ್ತದ ಸಂಪರ್ಕ ಮಾತ್ರದಿಂದ ಅದು ನೀಲಿಬಣ್ಣಕ್ಕೆ ತಿರುಗುತ್ತಿತ್ತು. ಹಾಲೆಂಡಿನ ಗ್ರೋನಿಂಗೆನ್ ವಿಶ್ವವಿದ್ಯಾನಿಲಯದ ಇಜಾಕ್ ಫಾನ್ ಡೇನ್ ಎಂಬ ಶರೀರಶಾಸ್ತ್ರಜ್ಞನು 1860ರ ದಶಕದಲ್ಲಿ ಈ ಗುಣವನ್ನು ರಕ್ತದ ಕಲೆಗಳನ್ನು ಗುರುತಿಸಲು ಬಳಸಿಕೊಂಡನು. ಅವನ ಕೈಯಲ್ಲಿದ್ದುದು ಹಳೆಯ ಟರ್ಪೆಂಟೈನ್ ಎಣ್ಣೆ. ಮುಂದೆ ಅದರ ಸ್ಥಾನಕ್ಕೆ ಹೈಡ್ರೊಜನ್ ಪೆರಾಕ್ಸೈಡ್ ಬಂದಿತು. ನ್ಯಾಯಾಲಯಕ್ಕೆ ಉಪಯೋಗವಾಗಬಹುದಾದ ಈ ಪರೀಕ್ಷೆಯು ರೋಗಿಯ ಹಾಸಿಗೆಯ ಬಳಿಗೆ ಬಂದದ್ದು ಸುಮಾರು ನಾಲ್ವತ್ತು ವರ್ಷಗಳ ತರುವಾಯ.

ಅದನ್ನು ತಂದವನು ಬರ್ಲಿನ್ನಿನ ಇಸ್ಮಾರ್ ಬೋವಾಸ್. ಜೀರ್ಣಾಂಗಗಳ ರೋಗಗಳನ್ನು ಪ್ರತ್ಯೇಕ ಶಾಸ್ತ್ರವನ್ನಾಗಿ ಬೆಳೆಸಿ, ಅದಕ್ಕೇ ಮೀಸಲಾದ ಪತ್ರಿಕೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹೊರಡಿಸಿದ ಈ ವೈದ್ಯನು, 1901ರಲ್ಲಿ ಮಲದ ಗುಪ್ತರಕ್ತವು ಜಠರ ಮತ್ತು ಕರುಳಿನ ಕ್ಯಾನ್ಸರಿನ ಸೂಚನೆಯಾಗಬಲ್ಲುದೆಂದು ಪ್ರತಿಪಾದಿಸಿದನು. ಇಲ್ಲಿ ಗಮನಿಸತಕ್ಕ ಸಂಗತಿಯೊಂದಿದೆ. ಬೋವಾಸನ ಮುಂದಿದ್ದವರು ಹೊಟ್ಟೆನೋವೆಂದೋ ನಿಶ್ಶಕ್ತಿಯೆಂದೋ ತಾವಾಗಿಯೇ ವೈದ್ಯನನ್ನು ಹುಡುಕಿಕೊಂಡು ಬಂದ ರೋಗಿಗಳು. ಆ ಕಾಲದಲ್ಲಿ ನೀಲಿಬಣ್ಣ ಕಂಡಿತೆಂದರೆ ಮುಂದೆ ಮಾಡಬಹುದಾಗಿದ್ದುದು ಶಸ್ತ್ರಚಿಕಿತ್ಸೆ ಅಥವಾ ನಿರೀಕ್ಷೆ, ಇವೆರಡೇ. ಕರುಳಿನ ಪೂರ್ಣ ಉದ್ದವನ್ನು ನೋಡುವ ಸಾಧನವೇ ಇರಲಿಲ್ಲವಾದುದರಿಂದ ತಡವಾಯಿತೆಂಬ ಪ್ರಶ್ನೆಯೂ ಏಳುತ್ತಿರಲಿಲ್ಲ. ಯೆಹೂದಿ ಕುಲದವನಾದ ಬೋವಾಸನು ನಾಜಿ ಆಡಳಿತದಲ್ಲಿ ಜರ್ಮನಿಯನ್ನು ಬಿಟ್ಟು ವಿಯೆನ್ನಾ ನಗರವನ್ನು ಸೇರಿದನು. 1938ರಲ್ಲಿ ಆಸ್ಟ್ರಿಯಾ ಕೂಡ ಹಿಟ್ಲರನ ವಶವಾದಾಗ ಅಲ್ಲಿಯೇ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಅವನ ಪರೀಕ್ಷೆಯು ಎಲ್ಲ ದೇಶಗಳ ಪ್ರಯೋಗಶಾಲೆಗಳಲ್ಲಿಯೂ ಉಳಿಯಿತು.

ರೋಗದ ಸ್ವರೂಪದ ಬಗೆಗಿನ ತಿಳಿವಳಿಕೆ ಬೇರೊಂದು ದಿಕ್ಕಿನಿಂದ ಬೆಳೆಯುತ್ತಿತ್ತು. ಲಂಡನ್ನಿನ ಸೇಂಟ್ ಮಾರ್ಕ್ಸ್ ಆಸ್ಪತ್ರೆಯ ಕತ್‌ಬರ್ಟ್ ಡ್ಯೂಕ್ಸ್ 1926ರಲ್ಲಿ ಕರುಳಿನ ಸಾಧುಗಂತಿಗಳಿಗೂ ಕ್ಯಾನ್ಸರಿಗೂ ಇರುವ ಸಂಬಂಧವನ್ನು ಕುರಿತು ಬರೆದನು. 1932ರಲ್ಲಿ ಗುದನಾಳದ ಕ್ಯಾನ್ಸರು ಗೋಡೆಯೊಳಗೇ ನಿಂತಿದೆಯೇ, ಗೋಡೆಯನ್ನು ದಾಟಿದೆಯೇ, ದುಗ್ಧಗ್ರಂಥಿಗಳಿಗೆ ಹರಡಿದೆಯೇ ಎಂಬುದನ್ನು ಅನುಸರಿಸಿ ಮೂರು ಮಜಲುಗಳನ್ನು ಗುರುತಿಸಿದನು. ಈ ವಿಂಗಡಣೆಯ ಮಹತ್ತ್ವವನ್ನು ಎಷ್ಟು ಹೇಳಿದರೂ ಹೆಚ್ಚಲ್ಲ. ರೋಗವು ಒಂದು ಸ್ಥಿತಿಯಲ್ಲ, ಒಂದು ಗತಿ ಎಂಬ ಭಾವನೆಗೆ ಅದು ಅಳತೆಗೋಲನ್ನು ಒದಗಿಸಿತು. ಅದೇ ಆಸ್ಪತ್ರೆಯ ಬೇಸಿಲ್ ಮಾರ್ಸನ್ ಮತ್ತು ಇತರರು ತರುವಾಯದ ದಶಕಗಳಲ್ಲಿ ತೋರಿಸಿಕೊಟ್ಟಂತೆ, ಕರುಳಿನ ಕ್ಯಾನ್ಸರಿನ ಬಹುಭಾಗವು ಪಾಲಿಪ್ ಎಂದು ಕರೆಯುವ ಮಾಂಸಾಂಕುರದಿಂದ ಹುಟ್ಟುತ್ತದೆ; ಅಂಕುರವು ಕ್ಯಾನ್ಸರಾಗಿ ಬಲಿಯಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಕಾಲ ಬೇಕು. ನಿಧಾನವಾಗಿ ನಡೆಯುವ ಶತ್ರುವನ್ನು ದಾರಿಯಲ್ಲಿಯೇ ತಡೆಯಬಹುದೆಂಬ ಆಸೆ ಇಲ್ಲಿಂದ ಬಂದಿತು. ಅಷ್ಟು ನಿಧಾನವಾದ ಶತ್ರುವಿಗಾಗಿ ಅವಸರವೇಕೆ ಎಂಬ ಉದಾಸೀನವೂ, ನನ್ನ ಅಭಿಪ್ರಾಯದಲ್ಲಿ, ಇಲ್ಲಿಂದಲೇ ಬಂದಿತು.

ಆರೋಗ್ಯವಂತರಾಗಿ ಓಡಾಡಿಕೊಂಡಿರುವವರಲ್ಲಿ ರೋಗವನ್ನು ಹುಡುಕುವ ಕ್ರಮಕ್ಕೆ ಸ್ಕ್ರೀನಿಂಗ್ ಎಂಬ ಹೆಸರು ರೂಢಿಗೆ ಬಂದದ್ದು ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ. ನಾವು ಇದನ್ನು ಶೋಧನಪರೀಕ್ಷೆ ಎನ್ನಬಹುದು. ಜರಡಿ ಹಿಡಿಯುವುದೆಂದರೆ ಇನ್ನೂ ಸ್ಪಷ್ಟ. ಅಮೆರಿಕದ ದೀರ್ಘಕಾಲಿಕ ರೋಗಗಳ ಆಯೋಗವು 1951ರಲ್ಲಿ ಇದಕ್ಕೆ ಕೊಟ್ಟ ಲಕ್ಷಣದಲ್ಲಿ ಒಂದು ಮುಖ್ಯವಾದ ಅಂಶವಿತ್ತು: ಜರಡಿಯು ರೋಗನಿರ್ಣಯವಲ್ಲ, ಸಂದೇಹಾಸ್ಪದವೆಂದು ಕಂಡವರನ್ನು ನಿರ್ಣಯಕ್ಕಾಗಿ ವೈದ್ಯರ ಬಳಿಗೆ ಕಳುಹಿಸಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಗಾಗಿ ವಿಲ್ಸನ್ ಮತ್ತು ಯುಂಗ್ನರ್ ಎಂಬಿಬ್ಬರು 1968ರಲ್ಲಿ ರಚಿಸಿದ ಪ್ರಸಿದ್ಧ ಪುಸ್ತಿಕೆಯಲ್ಲಿ ಹತ್ತು ಸೂತ್ರಗಳಿವೆ. ನಿರ್ಣಯಕ್ಕೂ ಚಿಕಿತ್ಸೆಗೂ ಬೇಕಾದ ಸೌಕರ್ಯಗಳು ಇರಬೇಕೆಂಬುದು ಅವುಗಳಲ್ಲೊಂದು. ಆದರೆ ಸೌಕರ್ಯವಿರುವುದು ಬೇರೆ, ಅದು ಸಕಾಲದಲ್ಲಿ ಒದಗುವುದು ಬೇರೆ. ಸೂತ್ರಕಾರರು ಕಾಲಾವಧಿಯನ್ನು ಅಂಕಿಯಲ್ಲಿ ಹೇಳಲಿಲ್ಲ. ಆಗ ಹೇಳುವುದಕ್ಕೆ ಬೇಕಾದ ಸಾಮಗ್ರಿಯೂ ಇರಲಿಲ್ಲವೆಂಬುದನ್ನು ಒಪ್ಪಬೇಕು.

ಅದೇ ಹೊತ್ತಿಗೆ ಅಮೆರಿಕದ ಒಹಾಯೊ ಸಂಸ್ಥಾನದ ಕೊಲಂಬಸ್ ನಗರದಲ್ಲಿ ಡೇವಿಡ್ ಗ್ರೀಗರ್ ಎಂಬ ವೈದ್ಯನು ಬೋವಾಸನ ಪರೀಕ್ಷೆಯನ್ನು ಮನೆಗೆ ತಲುಪಿಸಿದನು. ಗ್ವಾಯಕಂ ರಾಳವನ್ನು ಹೀರಿಸಿದ ಕಾಗದದ ಮೇಲೆ ಮೂರು ದಿನಗಳ ಮಲದ ಮಾದರಿಯನ್ನು ಸವರಿ, ಒಣಗಿಸಿ, ವೈದ್ಯರಿಗೆ ಒಪ್ಪಿಸುವ ಪದ್ಧತಿಯನ್ನು ಅವನು 1967ರಲ್ಲಿ ಪ್ರಕಟಿಸಿದನು. ರೋಗಲಕ್ಷಣವೇ ಇಲ್ಲದವರಲ್ಲಿ ಕ್ಯಾನ್ಸರನ್ನು ಕಾಣುವುದು ಇದರಿಂದ ಸಾಧ್ಯವೆಂದು ತೋರಿತು. ಕಾಗದವು ಅಗ್ಗವಾಗಿತ್ತು, ಅಂಚೆಯಲ್ಲಿ ಹೋಗಬಲ್ಲುದಾಗಿತ್ತು. ಆದರೆ ಅದಕ್ಕೆ ಮಾಂಸಾಹಾರದ ರಕ್ತಕ್ಕೂ ಮನುಷ್ಯನ ರಕ್ತಕ್ಕೂ ಭೇದ ತಿಳಿಯದು; ಹಸಿ ಮೂಲಂಗಿಯಂಥ ತರಕಾರಿಯ ಸತ್ತ್ವಕ್ಕೂ ಅದು ನೀಲಿಯಾಗುವುದುಂಟು. ಮೂಲವ್ಯಾಧಿಯ ರಕ್ತವೂ ಅದಕ್ಕೆ ರಕ್ತವೇ. ಆದುದರಿಂದ ಅಸಹಜ ಫಲಿತವನ್ನು ಕಂಡ ಕೂಡಲೆ ವೈದ್ಯನ ಮನಸ್ಸಿನಲ್ಲಿ ಏಳುತ್ತಿದ್ದ ಮೊದಲನೆಯ ವಿಚಾರವೆಂದರೆ, ಪಥ್ಯ ಮಾಡಿಸಿ ಇನ್ನೊಮ್ಮೆ ಪರೀಕ್ಷಿಸೋಣ ಎಂಬುದು. ಈ ವಿಚಾರದ ಫಲವನ್ನು ಮುಂದೆ ನೋಡೋಣ.

ಮುಂದಿನ ತಪಾಸಣೆಗೆ ಆಗ ಇದ್ದ ಸಾಧನಗಳು ಎರಡು. ಒಂದು, ಗುದದ್ವಾರಕ್ಕೆ ಸಮೀಪದ ಭಾಗವನ್ನು ಮಾತ್ರ ತೋರಿಸುವ ನೆಟ್ಟಗಿನ ಲೋಹದ ಕೊಳವೆ. ಇನ್ನೊಂದು, ಬೇರಿಯಂ ದ್ರಾವಣವನ್ನೂ ಗಾಳಿಯನ್ನೂ ಕರುಳಿಗೆ ತುಂಬಿ ತೆಗೆಯುವ ಎಕ್ಸ್-ಕಿರಣ ಚಿತ್ರ. ಇದರ ಸುಧಾರಿತ ರೂಪವನ್ನು ಜರ್ಮನಿಯ ಫಿಷರ್ ಎಂಬವನು 1923ರಲ್ಲಿ ಬಳಕೆಗೆ ತಂದಿದ್ದನು. ಎರಡೂ ರೋಗಿಗೆ ಅಪ್ರಿಯ, ಎರಡೂ ಅಪೂರ್ಣ. ಕರುಳಿನ ತಿರುವುಗಳಲ್ಲಿ ಬಾಗಿಕೊಂಡು ಹೋಗಬಲ್ಲ ಕಣ್ಣೊಂದು ಬೇಕಾಗಿತ್ತು. ಗಾಜಿನ ನೂಲುಗಳ ಕಟ್ಟಿನ ಮೂಲಕ ಪ್ರತಿಬಿಂಬವನ್ನು ಸಾಗಿಸಬಹುದೆಂದು ಲಂಡನ್ನಿನಲ್ಲಿ ಹೆರಾಲ್ಡ್ ಹಾಪ್ಕಿನ್ಸನೂ, ಪಂಜಾಬಿನ ಮೋಗಾ ಊರಿನಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿಯವರೂ 1954ರಲ್ಲಿ ತೋರಿಸಿಕೊಟ್ಟರು. 1957ರಲ್ಲಿ ಮಿಚಿಗನ್ ವಿಶ್ವವಿದ್ಯಾನಿಲಯದ ಬೇಸಿಲ್ ಹಿರ್ಷೊವಿಟ್ಸ್ ಆ ತತ್ತ್ವದ ಮೇಲೆ ಜಠರದರ್ಶಕವನ್ನು ನಿರ್ಮಿಸಿದನು. 1969ರಲ್ಲಿ ನ್ಯೂಯಾರ್ಕಿನ ಬೆತ್ ಇಸ್ರೇಲ್ ಆಸ್ಪತ್ರೆಯ ವಿಲಿಯಂ ವುಲ್ಫ್ ಮತ್ತು ಹಿರೋಮಿ ಶಿನ್ಯಾ ಎಂಬವರು ದೊಡ್ಡ ಕರುಳಿನ ಪೂರ್ಣ ಉದ್ದವನ್ನು ನೋಡುವ ಕೊಲೊನೊಸ್ಕೋಪಿಯನ್ನು ನಡೆಸಿದುದಲ್ಲದೆ, ಅದೇ ನಳಿಕೆಯ ಮೂಲಕ ತಂತಿಯ ಕುಣಿಕೆಯನ್ನು ಹಾಯಿಸಿ ಮಾಂಸಾಂಕುರವನ್ನು ಕತ್ತರಿಸಿ ತೆಗೆದರು. ಹೊಟ್ಟೆಯನ್ನು ಸೀಳದೆ ಕ್ಯಾನ್ಸರಿನ ಬೀಜವನ್ನು ಕಿತ್ತ ಹಾಗಾಯಿತು. ಅಂದಿನಿಂದ ಮುಂದಿನ ತಪಾಸಣೆ ಎಂದರೆ ಕೇವಲ ನೋಟವಲ್ಲ, ಬಹುಮಟ್ಟಿಗೆ ಚಿಕಿತ್ಸೆಯೂ ಆಯಿತು. ಈ ಪರಿವರ್ತನೆಯ ನಂತರವೇ ವಿಳಂಬಕ್ಕೆ ಬೆಲೆ ಬಂದದ್ದು.

ಕಾಗದವೂ ನಳಿಕೆಯೂ ಕೂಡಿದರೆ ಸಾವು ಕಡಮೆಯಾಗುವುದೇ? ಮಿನೆಸೋಟ ವಿಶ್ವವಿದ್ಯಾನಿಲಯದಲ್ಲಿ ವಿಕ್ಟರ್ ಗಿಲ್ಬರ್ಟ್ಸನ್ 1975ರಲ್ಲಿ ಆರಂಭಿಸಿದ ಪ್ರಯೋಗವು ಈ ಪ್ರಶ್ನೆಗೆ ಉತ್ತರವನ್ನು ಹುಡುಕಿತು. 50ರಿಂದ 80 ವಯಸ್ಸಿನ 46,551 ಜನರನ್ನು ಚೀಟಿ ಎತ್ತಿದ ರೀತಿಯಲ್ಲಿ ಮೂರು ಗುಂಪುಗಳಾಗಿ ವಿಂಗಡಿಸಲಾಯಿತು: ಪ್ರತಿವರ್ಷ ಪರೀಕ್ಷೆಗೆ ಒಳಗಾಗುವವರು, ಎರಡು ವರ್ಷಕ್ಕೊಮ್ಮೆ ಒಳಗಾಗುವವರು, ಪರೀಕ್ಷೆಯಿಲ್ಲದವರು. ಆರು ಕಾಗದದ ತುಣುಕುಗಳಲ್ಲಿ ಒಂದು ನೀಲಿಯಾದರೂ ಸರಿ, ಅಂಥವರನ್ನು ವಿಶ್ವವಿದ್ಯಾನಿಲಯದ ಆಸ್ಪತ್ರೆಗೆ ಬರಮಾಡಿಕೊಂಡು ಕೊಲೊನೊಸ್ಕೋಪಿ ಮಾಡುವ ಏರ್ಪಾಡಿತ್ತು. 1993ರಲ್ಲಿ ಜ್ಯಾಕ್ ಮ್ಯಾಂಡೆಲ್ ಮತ್ತು ಸಂಗಡಿಗರು ಪ್ರಕಟಿಸಿದ ವರದಿಯ ಪ್ರಕಾರ, 13 ವರ್ಷಗಳ ಅವಧಿಯಲ್ಲಿ ಪ್ರತಿವರ್ಷ ಪರೀಕ್ಷೆಗೊಳಗಾದವರಲ್ಲಿ ಈ ಕ್ಯಾನ್ಸರಿನಿಂದ ಸತ್ತವರು ಸಾವಿರಕ್ಕೆ 5.88, ಪರೀಕ್ಷೆಯಿಲ್ಲದವರಲ್ಲಿ 8.83. ಎಂದರೆ ಸಾವಿನಲ್ಲಿ ಶೇಕಡಾ 33ರಷ್ಟು ಇಳಿಕೆ. 1996ರಲ್ಲಿ ಇಂಗ್ಲೆಂಡಿನ ನಾಟಿಂಗಂ ಪ್ರಯೋಗದಿಂದ ಶೇಕಡಾ 15ರ ಇಳಿಕೆಯೂ, ಡೆನ್ಮಾರ್ಕಿನ ಫ್ಯೂನ್ ದ್ವೀಪದ ಪ್ರಯೋಗದಿಂದ ಶೇಕಡಾ 18ರ ಇಳಿಕೆಯೂ ವರದಿಯಾದುವು. ಇವೆರಡರಲ್ಲಿಯೂ ಪರೀಕ್ಷೆ ನಡೆದದ್ದು ಎರಡು ವರ್ಷಕ್ಕೊಮ್ಮೆ.

ಮಿನೆಸೋಟದ ಫಲಿತಾಂಶವನ್ನು ಕುರಿತು ಒಂದು ವಾದ ಎದ್ದಿತು. ಅಲ್ಲಿ ಕಾಗದವನ್ನು ನೀರಿನಿಂದ ತೇವಗೊಳಿಸಿ ಪರೀಕ್ಷಿಸುತ್ತಿದ್ದುದರಿಂದ ಸುಮಾರು ನೂರಕ್ಕೆ ಹತ್ತು ಕಾಗದಗಳು ನೀಲಿಯಾಗುತ್ತಿದ್ದುವು; ಕಾಲಕ್ರಮದಲ್ಲಿ ಪ್ರತಿವರ್ಷದ ಗುಂಪಿನಲ್ಲಿ ಶೇಕಡಾ 38 ಜನ ಒಮ್ಮೆಯಾದರೂ ಕೊಲೊನೊಸ್ಕೋಪಿಗೆ ಒಳಗಾದರು. ಲ್ಯಾಂಗ್ ಮತ್ತು ರಾನ್ಸಾಫ್ ಎಂಬ ವಿಮರ್ಶಕರು 1994ರಲ್ಲಿ, ದೊರೆತ ಪ್ರಯೋಜನದ ಮೂರರಲ್ಲೊಂದರಿಂದ ಅರ್ಧದಷ್ಟು ಭಾಗವು ಕಾಗದದ ಜಾಣ್ಮೆಯಿಂದಲ್ಲ, ಆಕಸ್ಮಿಕವಾಗಿಯೇ ಅಷ್ಟು ಮಂದಿ ಕೊಲೊನೊಸ್ಕೋಪಿಗೆ ಆಯ್ಕೆಯಾದುದರಿಂದ ಬಂದಿರಬಹುದೆಂದು ಲೆಕ್ಕ ಹಾಕಿದರು. ಪರೀಕ್ಷೆಯನ್ನು ಹಳಿಯುವುದಕ್ಕಾಗಿ ಹೂಡಿದ ಈ ವಾದವನ್ನು ನಮ್ಮ ವಿಷಯದ ದೃಷ್ಟಿಯಿಂದ ಮಗುಚಿ ಓದಬೇಕು. ಪ್ರಾಣವನ್ನು ಉಳಿಸಿದುದು ನಳಿಕೆಯೇ ಆಗಿದ್ದ ಪಕ್ಷದಲ್ಲಿ, ನಳಿಕೆಯ ಬಳಿಗೆ ಹೋಗದವನಿಗೆ ಕಾಗದದಿಂದ ಆಗುವ ಲಾಭ ಏನೂ ಇಲ್ಲ. ಪ್ರಯೋಗಗಳ ಶೇಕಡಾವಾರುಗಳನ್ನು ಉದ್ಧರಿಸುವವರು, ಆ ಅಂಕಿಗಳ ಹಿಂದೆ ಅಸಹಜ ಫಲಿತ ಬಂದವರನ್ನೆಲ್ಲ ಹೆಸರು ಹಿಡಿದು ಕರೆಸಿಕೊಳ್ಳುವ ಒಂದು ಕಚೇರಿ ಇತ್ತೆಂಬುದನ್ನು ಮರೆಯುತ್ತಾರೆ. ಹೊರಗಿನ ಲೋಕದಲ್ಲಿ ಆ ಕಚೇರಿ ಇರಲಿಲ್ಲ.

ಹೊರಗಿನ ಲೋಕ ಹೇಗಿತ್ತೆಂಬುದಕ್ಕೆ ಚರಿತ್ರೆಯೇ ಒಂದು ಪ್ರಸಿದ್ಧ ನಿದರ್ಶನವನ್ನು ಒದಗಿಸಿದೆ. ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ನರಿಗೆ 1984ರ ಮೇ ತಿಂಗಳಲ್ಲಿ ನಡೆದ ತಪಾಸಣೆಯಲ್ಲಿ ಕರುಳಿನ ಕೆಳಭಾಗದಲ್ಲಿ ಒಂದು ಸಣ್ಣ ಅಂಕುರವು ಕಾಣಿಸಿತ್ತು. ಅದು ನಿರಪಾಯವೆಂದು ತೀರ್ಮಾನವಾಯಿತು. 1985ರ ಮಾರ್ಚಿಯಲ್ಲಿ ಮತ್ತೊಂದು ಅಂಕುರ ಕಂಡಿತು. ಮಲದಲ್ಲಿ ರಕ್ತದ ಸುಳಿವೂ ಸಿಕ್ಕಿತು. ಆಹಾರದಲ್ಲಿ ಪಥ್ಯ ಮಾಡಿಸಿ ಮತ್ತೆ ಪರೀಕ್ಷಿಸಿದಾಗ ರಕ್ತ ಕಾಣಲಿಲ್ಲ. ಪೂರ್ಣ ಕೊಲೊನೊಸ್ಕೋಪಿ ನಡೆದದ್ದು ನಾಲ್ಕು ತಿಂಗಳ ತರುವಾಯ, ಜುಲೈ 12ರಂದು, ಬೆಥೆಸ್ಡದ ನೌಕಾ ಆಸ್ಪತ್ರೆಯಲ್ಲಿ. ಕೆಳಭಾಗದ ಅಂಕುರವನ್ನು ತೆಗೆದು ನಳಿಕೆಯನ್ನು ಮೇಲಕ್ಕೆ ಸಾಗಿಸಿದಾಗ, ದೊಡ್ಡ ಕರುಳಿನ ಆರಂಭದ ಚೀಲದಂಥ ಭಾಗದಲ್ಲಿ ಸುಮಾರು ಎರಡು ಅಂಗುಲದ ದೊಡ್ಡ ಗಂತಿಯೊಂದು ಗೋಚರಿಸಿತು. ಮರುದಿನವೇ ಶಸ್ತ್ರಚಿಕಿತ್ಸೆ, ಎರಡು ಅಡಿಯಷ್ಟು ಕರುಳನ್ನು ತೆಗೆದುಹಾಕಿದರು. ಆ ದಿನ ಸುಮಾರು ಎಂಟು ಗಂಟೆಗಳ ಕಾಲ ಅಧ್ಯಕ್ಷಾಧಿಕಾರವು ಉಪಾಧ್ಯಕ್ಷ ಜಾರ್ಜ್ ಬುಷ್ಷರ ಕೈಯಲ್ಲಿತ್ತು. ಗಂತಿಯಲ್ಲಿ ಕ್ಯಾನ್ಸರು ಇದ್ದಿತೆಂದು ಜುಲೈ 15ರಂದು ಪ್ರಕಟವಾಯಿತು.

ಮಾರ್ಚಿಯಲ್ಲಿಯೇ ಪೂರ್ಣ ತಪಾಸಣೆ ಏಕೆ ನಡೆಯಲಿಲ್ಲವೆಂದು ಅಮೆರಿಕದ ಪತ್ರಿಕೆಗಳು ಕೇಳಿದುವು. ಕೇಳಿದುದು ನ್ಯಾಯವೇ. ಆದರೂ ಚರಿತ್ರಕಾರನು ಇಲ್ಲಿ ಎರಡು ಮಾತುಗಳನ್ನು ಸೇರಿಸಬೇಕು. ಮೊದಲನೆಯದು, ಆ ನಾಲ್ಕು ತಿಂಗಳುಗಳಿಂದ ರೇಗನ್ನರಿಗೆ ಹಾನಿಯಾಯಿತೆಂದು ಹೇಳಲು ಆಧಾರವಿಲ್ಲ. ಕ್ಯಾನ್ಸರು ದುಗ್ಧಗ್ರಂಥಿಗಳಿಗೆ ಹರಡಿರಲಿಲ್ಲ, ಅವರು 2004ರವರೆಗೆ ಬದುಕಿದ್ದು ಬೇರೆ ಕಾರಣದಿಂದ ತೀರಿಕೊಂಡರು. ಎರಡನೆಯದು ಹೆಚ್ಚು ಮುಖ್ಯವಾದುದು. ಜಗತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ವೈದ್ಯರು ಬಳಿಯಲ್ಲಿದ್ದ, ಹಣದ ಅಡಚಣೆಯಾಗಲಿ ದೂರದ ಅಡಚಣೆಯಾಗಲಿ ಇಲ್ಲದ ಒಬ್ಬ ವ್ಯಕ್ತಿಯ ವಿಷಯದಲ್ಲಿಯೂ, ಮೊದಲ ಅಸಹಜ ಫಲಿತವನ್ನು ಎರಡನೆಯ ಸಹಜ ಫಲಿತವು ಅಳಿಸಿಹಾಕಿತೆಂಬ ನಂಬಿಕೆ ಕೆಲಸ ಮಾಡಿತು. ಈ ನಂಬಿಕೆ ತಪ್ಪೆಂಬುದಕ್ಕೆ ಕಾರಣ ಸರಳವಾದುದು. ಗಂತಿಯು ದಿನವೂ ರಕ್ತವನ್ನು ಸುರಿಸುವುದಿಲ್ಲ. ಒಂದು ದಿನ ಸುರಿಸಿ ಹತ್ತು ದಿನ ಸುಮ್ಮನಿರಬಹುದು. ಸುಮ್ಮನಿದ್ದ ದಿನದ ಮಾದರಿಯು ಸುರಿಸಿದ ದಿನದ ಮಾದರಿಯನ್ನು ಸುಳ್ಳುಮಾಡಲಾರದು. ಹೀಗಿದ್ದರೂ, 2005ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಅಮೆರಿಕದ ಪ್ರಾಥಮಿಕ ವೈದ್ಯರಲ್ಲಿ ಮೂರರಲ್ಲೊಂದು ಪಾಲಿನಷ್ಟು ಮಂದಿ, ಅಸಹಜ ಫಲಿತ ಬಂದಾಗ ಅದೇ ಪರೀಕ್ಷೆಯನ್ನು ಪುನಃ ಮಾಡಿಸುವುದಾಗಿ ತಿಳಿಸಿದರು. ರೇಗನ್ನರ ಪ್ರಕರಣವು ನಡೆದು ಆಗ ಇಪ್ಪತ್ತು ವರ್ಷಗಳಾಗಿದ್ದುವು.

ಪರೀಕ್ಷೆಯೇನೋ ಸುಧಾರಿಸುತ್ತ ಹೋಯಿತು. ಮನುಷ್ಯರಕ್ತದ ಹಿಮೋಗ್ಲೋಬಿನ್ನನ್ನು ಮಾತ್ರ ಗುರುತಿಸುವ, ಪ್ರತಿಕಾಯಗಳ ತತ್ತ್ವವನ್ನು ಅವಲಂಬಿಸಿದ ಹೊಸ ಪರೀಕ್ಷೆಯನ್ನು ಜಪಾನು 1992ರಲ್ಲಿಯೇ ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅಳವಡಿಸಿಕೊಂಡಿತು. ಇದಕ್ಕೆ ಪಥ್ಯ ಬೇಡ, ಮೂಲಂಗಿಯ ಭಯವಿಲ್ಲ. ಸ್ಕಾಟ್ಲೆಂಡು 2017ರಲ್ಲಿಯೂ ಇಂಗ್ಲೆಂಡು 2019ರಲ್ಲಿಯೂ ಹಳೆಯ ಗ್ವಾಯಕಂ ಕಾಗದವನ್ನು ಬಿಟ್ಟು ಇದಕ್ಕೆ ಬಂದುವು. ಪಥ್ಯದ ನೆಪ ಹೋದ ಮೇಲೆ ಪುನಃಪರೀಕ್ಷೆಯ ನೆಪವೂ ಹೋಗಬೇಕಾಗಿತ್ತು.

ಇಂಗ್ಲೆಂಡಿನಲ್ಲಿ 2006ರಲ್ಲಿ ಆರಂಭವಾದ ಕಾರ್ಯಕ್ರಮದ ರಚನೆಯನ್ನು ಆಡಳಿತದ ಚರಿತ್ರೆಯಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳು ಅಭ್ಯಸಿಸತಕ್ಕುದಾಗಿದೆ. ದೇಶವನ್ನು ಐದು ಕೇಂದ್ರಗಳಿಗೆ ಹಂಚಿ, ಆ ಕೇಂದ್ರಗಳಿಂದಲೇ ಅಂಚೆಯ ಮೂಲಕ ಪರೀಕ್ಷಾ ಸಾಮಗ್ರಿಯನ್ನು ಮನೆಗಳಿಗೆ ಕಳುಹಿಸಿ, ಅಲ್ಲಿಯೇ ಪರೀಕ್ಷಿಸಿದರು. ಫಲಿತವು ಅಸಹಜವಾದರೆ, ರೋಗಿಯು ತನ್ನ ವೈದ್ಯನನ್ನು ಕಂಡು ಶಿಫಾರಸು ಪತ್ರ ಪಡೆಯಬೇಕೆಂಬ ನಿರ್ಬಂಧವಿರಲಿಲ್ಲ. ಕೇಂದ್ರವೇ ಅವನಿಗೆ ದಿನ ಗೊತ್ತುಮಾಡಿ ಪತ್ರ ಬರೆಯುತ್ತಿತ್ತು. ಹದಿನಾಲ್ಕು ದಿನಗಳೊಳಗೆ, ಇದಕ್ಕೆಂದೇ ತರಬೇತಿ ಹೊಂದಿದ ದಾದಿಯೊಬ್ಬಳು ಅವನೊಡನೆ ಮಾತನಾಡಬೇಕು. ಅಲ್ಲಿಂದ ಹದಿನಾಲ್ಕು ದಿನಗಳೊಳಗೆ ಕೊಲೊನೊಸ್ಕೋಪಿ ಆಗಬೇಕು ಎಂಬುದು ಅಲ್ಲಿಯ ಮಾನದಂಡ. ಯೂರೋಪಿನ ಒಕ್ಕೂಟವು 2010ರಲ್ಲಿ ಹೊರಡಿಸಿದ ಮಾರ್ಗದರ್ಶಿಯೂ ಕೊಲೊನೊಸ್ಕೋಪಿಗೆ ಕಳುಹಿಸಿದಂದಿನಿಂದ 31 ದಿನಗಳ ಗಡುವನ್ನು ಇಟ್ಟುಕೊಂಡಿತು. ಈ ದಾದಿಯ ಹುದ್ದೆಯನ್ನು ನಾನು ಕೊಲೊನೊಸ್ಕೋಪಿಗಿಂತ ಕಡಮೆಯ ಆವಿಷ್ಕಾರವೆಂದು ಭಾವಿಸುವುದಿಲ್ಲ. ಅಸಹಜ ಫಲಿತದ ಪತ್ರವನ್ನು ಕೈಯಲ್ಲಿ ಹಿಡಿದವನಿಗೆ ಮೊದಲು ಬೇಕಾದುದು ಮಾತು. ಅವನಿಗೆ ಕ್ಯಾನ್ಸರು ಇದೆಯೆಂದು ಆ ಪತ್ರವು ಹೇಳುತ್ತಿಲ್ಲ. ಹಾಗೆಂದು ಅದನ್ನು ಮಡಿಸಿ ಪೆಟ್ಟಿಗೆಯಲ್ಲಿಡುವಂತೆಯೂ ಇಲ್ಲ. ಹಿಂದಿನ ದಿನ ಭೇದಿಯ ಔಷಧ ಕುಡಿದು ಕರುಳನ್ನು ಬರಿದುಮಾಡಿಕೊಳ್ಳುವ ಕಷ್ಟ, ನಾಚಿಕೆ, ಕೆಲಸಕ್ಕೆ ರಜೆ, ಮನೆಗೆ ಕರೆದುಕೊಂಡು ಹೋಗಲು ಜೊತೆಗಾರ, ಎಲ್ಲಕ್ಕಿಂತ ಮಿಗಿಲಾಗಿ ಏನು ಕೇಳಬೇಕಾಗುವುದೋ ಎಂಬ ಅಂಜಿಕೆ: ಇವುಗಳಲ್ಲಿ ಯಾವುದಾದರೊಂದು ಸಾಕು, ಮನುಷ್ಯನನ್ನು ಆರು ತಿಂಗಳು ಹಿಂದಕ್ಕೆ ಎಳೆಯಲು.

ಆರು ತಿಂಗಳು ಎಂದರೆ ಬಹಳವೇ? ಗಡುವುಗಳನ್ನು ಗೊತ್ತುಮಾಡಿದವರು ವಿವೇಕವನ್ನು ಅನುಸರಿಸಿದ್ದರೇ ಹೊರತು ಪ್ರಮಾಣವನ್ನಲ್ಲ. ವಿಸ್ತಾರವಾದ ಪ್ರಮಾಣವು ಒದಗಿದುದು 2017ರಲ್ಲಿ. ಕ್ಯಾಲಿಫೋರ್ನಿಯದ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯಸಂಸ್ಥೆಯ ದಾಖಲೆಗಳಿಂದ, 2010ರಿಂದ 2014ರವರೆಗೆ ಅಸಹಜ ಫಲಿತ ಬಂದು ತರುವಾಯ ಕೊಲೊನೊಸ್ಕೋಪಿಗೆ ಒಳಗಾದ 50ರಿಂದ 70 ವಯಸ್ಸಿನ 70,124 ಜನರ ವಿವರಗಳನ್ನು ಡಗ್ಲಸ್ ಕಾರ್ಲಿ ಮತ್ತು ಸಂಗಡಿಗರು ಪರಿಶೀಲಿಸಿದರು. ಎಂಟರಿಂದ ಮೂವತ್ತು ದಿನಗಳೊಳಗೆ ತಪಾಸಣೆಯಾದವರಲ್ಲಿ ಸಾವಿರಕ್ಕೆ 30 ಮಂದಿಗೆ ಕ್ಯಾನ್ಸರು ಕಂಡಿತು. ಎರಡು, ಮೂರು, ಆರು ತಿಂಗಳುಗಳವರೆಗೆ, ಅಷ್ಟೇಕೆ, ಹತ್ತು ತಿಂಗಳುಗಳವರೆಗೂ ಈ ಪ್ರಮಾಣದಲ್ಲಿ ಗಣನೀಯವಾದ ವ್ಯತ್ಯಾಸ ಕಾಣಲಿಲ್ಲ. ಹತ್ತರಿಂದ ಹನ್ನೆರಡು ತಿಂಗಳು ತಡೆದವರಲ್ಲಿ ಅದು ಸಾವಿರಕ್ಕೆ 49. ಹನ್ನೆರಡು ತಿಂಗಳನ್ನು ಮೀರಿದವರಲ್ಲಿ ಸಾವಿರಕ್ಕೆ 76. ರೋಗವು ಮುಂದುವರಿದ ಮಜಲಿಗೆ ಹೋಗಿರುವ ಸಂಭವವು ಹನ್ನೆರಡು ತಿಂಗಳು ಮೀರಿದವರಲ್ಲಿ ಮೂರುಪಟ್ಟಿಗಿಂತ ಹೆಚ್ಚಾಗಿತ್ತು.

ಈ ಅಂಕಿಗಳನ್ನು ಎರಡು ಕಡೆಯಿಂದಲೂ ಓದಬೇಕಾಗುತ್ತದೆ. ಸಾವಿರಕ್ಕೆ 30 ಎಂದರೆ ಉಳಿದ 970 ಜನರಿಗೆ ಕ್ಯಾನ್ಸರು ಇಲ್ಲ. ಅವರಲ್ಲಿ ಅನೇಕರಿಗೆ ಇರಬಹುದಾದ ಮಾಂಸಾಂಕುರವನ್ನು ಅಲ್ಲಿಯೇ ತೆಗೆಯಬಹುದು. ಆದುದರಿಂದ ಫಲಿತ ಬಂದ ವಾರವೇ ತಪಾಸಣೆಯಾಗಲಿಲ್ಲವೆಂದು ಯಾರೂ ಎದೆಗುಂದಬೇಕಾಗಿಲ್ಲ. ಹಾಗೆಯೇ ಹತ್ತು ತಿಂಗಳವರೆಗೆ ನಿಶ್ಚಿಂತೆಯಾಗಿರಬಹುದೆಂದು ತಿಳಿಯುವುದೂ ಸರಿಯಲ್ಲ. ಇದು ದಾಖಲೆಗಳ ಅವಲೋಕನ, ಪ್ರಯೋಗವಲ್ಲ. ತಡವಾಗಿ ಬಂದವರು ಬೇರೆ ರೀತಿಯಲ್ಲಿಯೂ ಭಿನ್ನರಾಗಿದ್ದಿರಬಹುದು. ತೈವಾನಿನ ದಾಖಲೆಗಳಲ್ಲಿ ಆರು ತಿಂಗಳ ನಂತರವೇ ಅಪಾಯದ ಏರಿಕೆ ಕಾಣಿಸಿಕೊಂಡಿದೆ. ತಡ ಎಂಬುದು ತಾನಾಗಿಯೇ ಬೆಳೆಯುವ ಗುಣವುಳ್ಳದ್ದೆಂಬುದನ್ನೂ ನೆನೆಯಬೇಕು: ಮೂರು ತಿಂಗಳು ಮುಂದೂಡಿದವನು ಮೂರೇ ತಿಂಗಳಿಗೆ ನಿಲ್ಲುತ್ತಾನೆಂದು ಹೇಳಲಾಗದು.

ನಿಲ್ಲದೆ ಕೊನೆಗೂ ಬಾರದೆ ಉಳಿದವರ ಗತಿಯನ್ನು ಇಟಲಿಯ ವೆನೆಟೊ ಪ್ರಾಂತದ ಒಂದು ಅಧ್ಯಯನವು 2022ರಲ್ಲಿ ಬೆಳಕಿಗೆ ತಂದಿತು. 2004ರಿಂದ 2017ರವರೆಗೆ ಅಸಹಜ ಫಲಿತ ಬಂದ ಒಂದು ಲಕ್ಷ ಹನ್ನೊಂದು ಸಾವಿರ ಜನರಲ್ಲಿ 23,410 ಮಂದಿ ಕೊಲೊನೊಸ್ಕೋಪಿಗೆ ಹೋಗಲಿಲ್ಲ. ಹತ್ತು ವರ್ಷಗಳಲ್ಲಿ ಕರುಳಿನ ಕ್ಯಾನ್ಸರಿನಿಂದ ಸತ್ತವರು, ಹೋದವರಲ್ಲಿ ಸಾವಿರಕ್ಕೆ 6.8, ಹೋಗದವರಲ್ಲಿ ಸಾವಿರಕ್ಕೆ 16. ಅಮೆರಿಕದಲ್ಲಿ ಹೋಗದವರ ಪ್ರಮಾಣ ಇದಕ್ಕಿಂತ ಬಹಳ ಹೆಚ್ಚು. 2017ರಿಂದ 2020ರವರೆಗೆ ಅಲ್ಲಿಯ 39 ಆರೋಗ್ಯಸಂಸ್ಥೆಗಳ ದಾಖಲೆಗಳನ್ನು ನೋಡಿದಾಗ, ಅಸಹಜ ಫಲಿತ ಬಂದವರಲ್ಲಿ ಆರು ತಿಂಗಳೊಳಗೆ ಕೊಲೊನೊಸ್ಕೋಪಿಗೆ ಒಳಗಾದವರು ಹೆಚ್ಚುಕಡಮೆ ಅರ್ಧದಷ್ಟು ಮಾತ್ರ. ಅದೇ ದೇಶದಲ್ಲಿ, ಮೇಲೆ ಹೇಳಿದ ಕೈಸರ್ ಸಂಸ್ಥೆಯ ಉತ್ತರ ಕ್ಯಾಲಿಫೋರ್ನಿಯ ವಿಭಾಗವು ಪರೀಕ್ಷೆಯನ್ನು ಅಂಚೆಯಲ್ಲಿ ಕಳುಹಿಸಿ, ಫಲಿತವನ್ನು ಬೆನ್ನುಹತ್ತುವ ವ್ಯವಸ್ಥೆ ಮಾಡಿಕೊಂಡು, 2000ದಿಂದ 2015ರ ಅವಧಿಯಲ್ಲಿ ಈ ಕ್ಯಾನ್ಸರಿನ ಸಾವುಗಳನ್ನು ಅರ್ಧಕ್ಕಿಂತ ತುಸು ಹೆಚ್ಚಾಗಿಯೇ ಇಳಿಸಿತು. ಒಂದೇ ದೇಶ, ಒಂದೇ ಪರೀಕ್ಷೆ, ಒಂದೇ ಉಪಕರಣ, ವ್ಯತ್ಯಾಸವಿದ್ದುದು ಪತ್ರವ್ಯವಹಾರದಲ್ಲಿ. 2020ರಲ್ಲಿ ಕೋವಿಡ್ ಪಿಡುಗು ಹಬ್ಬಿದಾಗ ಅನೇಕ ದೇಶಗಳಲ್ಲಿ ಈ ಕಾರ್ಯಕ್ರಮಗಳು ತಿಂಗಳುಗಟ್ಟಲೆ ನಿಂತು, ಕೊಲೊನೊಸ್ಕೋಪಿಯ ಸರದಿಯ ಸಾಲುಗಳು ಎಲ್ಲೆಡೆಯೂ ಬೆಳೆದುವು.

ನಮ್ಮ ದೇಶದ ಸಂಗತಿ ಬೇರೆ. ಪಾಶ್ಚಾತ್ಯ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ಈ ಕ್ಯಾನ್ಸರಿನ ಪ್ರಮಾಣವು ಕಡಮೆ. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಸಂಸ್ಥೆಯ ಆಶ್ರಯದಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆದುಬಂದಿರುವುದರಿಂದ, ಈ ವಿಷಯದಲ್ಲಿ ಸಂಶೋಧನೆ ಮಾಡಬಯಸುವ ವಿದ್ಯಾರ್ಥಿಗಳಿಗೆ ನಾಲ್ಕು ದಶಕಗಳ ಸಾಮಗ್ರಿ ಸಮೀಪದಲ್ಲಿಯೇ ಇದೆ. 2016ರಲ್ಲಿ ಕೇಂದ್ರ ಸರ್ಕಾರವು ಶೋಧನಪರೀಕ್ಷೆಗೆ ಆರಿಸಿಕೊಂಡುದು ಬಾಯಿ, ಸ್ತನ ಮತ್ತು ಗರ್ಭಕಂಠದ ಕ್ಯಾನ್ಸರುಗಳನ್ನು, ಕರುಳನ್ನಲ್ಲ. ಕೊಕ್ಕೆಹುಳು, ಆಮಶಂಕೆ, ಮೂಲವ್ಯಾಧಿಗಳಿಂದಲೂ ಮಲದಲ್ಲಿ ರಕ್ತ ಸೇರುವುದುಂಟಾದುದರಿಂದ ಇಲ್ಲಿ ಗುಪ್ತರಕ್ತದ ಅರ್ಥವು ಹೆಚ್ಚು ಗೋಜಲಾದುದು. ಆದರೆ ಆಸ್ಪತ್ರೆಗಳ ವಾರ್ಷಿಕ ತಪಾಸಣೆಯಲ್ಲಿಯೋ ಬೇರೆ ಕಾರಣಕ್ಕೋ ಪರೀಕ್ಷೆ ಮಾಡಿಸಿಕೊಂಡು ಅಸಹಜ ಫಲಿತವನ್ನು ಪಡೆದ ಐವತ್ತು ದಾಟಿದ ಒಬ್ಬನಿಗೆ, ಮೂಲವ್ಯಾಧಿಯೇ ಇರಬೇಕೆಂಬ ಊಹೆ ತಪಾಸಣೆಗೆ ಬದಲಾಗಲಾರದು. ಮಾರ್ಚಿಯಿಂದ ಜುಲೈವರೆಗೆ ನಡೆದ ರೇಗನ್ನರ ಕಥೆ ಈ ಊಹೆಯ ಇನ್ನೊಂದು ರೂಪವೇ ಆಗಿದೆ.

ಹಣದ ಮಾತೊಂದು ಉಳಿದಿದೆ. ಅಮೆರಿಕದ 2010ರ ಆರೋಗ್ಯವಿಮಾ ಕಾನೂನಿನಂತೆ ಮಲಪರೀಕ್ಷೆಗೆ ರೋಗಿಯಿಂದ ಹಣ ತೆಗೆದುಕೊಳ್ಳುವಂತಿರಲಿಲ್ಲ. ಫಲಿತವು ಅಸಹಜವಾಗಿ ಕೊಲೊನೊಸ್ಕೋಪಿ ಬೇಕಾದಾಗ ಮಾತ್ರ, ಅದು ಶೋಧನೆಯಲ್ಲ, ನಿರ್ಣಯ ಎಂದು ವ್ಯಾಖ್ಯಾನಿಸಿ ಅನೇಕ ವಿಮಾ ಕಂಪೆನಿಗಳು ರೋಗಿಯ ಮೇಲೆ ವೆಚ್ಚದ ಪಾಲನ್ನು ಹೊರಿಸುತ್ತಿದ್ದುವು. 1951ರ ಆಯೋಗವು ರೋಗಿಯ ಹಿತಕ್ಕಾಗಿ ಮಾಡಿದ ಭೇದವು ಅರ್ಧ ಶತಮಾನ ಕಳೆದ ಮೇಲೆ ಹೀಗೆ ಅವನ ವಿರುದ್ಧವೇ ಬಳಕೆಯಾಯಿತು. 2022ರ ಜನವರಿಯಲ್ಲಿ ಅಲ್ಲಿಯ ಸರ್ಕಾರವು, ಅಸಹಜ ಫಲಿತದ ನಂತರದ ಕೊಲೊನೊಸ್ಕೋಪಿಯು ಶೋಧನಪರೀಕ್ಷೆಯ ಅಂಗವೇ ಹೊರತು ಬೇರೆಯಲ್ಲವೆಂದು ಸ್ಪಷ್ಟಪಡಿಸಿತು. ಖಾಸಗಿ ವಿಮೆಗಳಿಗೆ ಈ ನಿಯಮವು 2022ರ ಮೇ 31ರಂದಾಗಲಿ ಅದರ ತರುವಾಯವಾಗಲಿ ಆರಂಭವಾಗುವ ವಿಮಾವರ್ಷಗಳಿಂದಲೂ, ವೃದ್ಧರ ಸರ್ಕಾರಿ ವಿಮೆಯಾದ ಮೆಡಿಕೇರಿಗೆ 2023ರ ಜನವರಿಯಿಂದಲೂ ಅನ್ವಯವಾಯಿತು.